ಡೈರಿಯಲ್ಲಿ ಅಂಟಿಸಿದ ಒಪ್ಪಿಗೆ

ಸಹಿ ಹಾಕಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಆಗ ಚಾಮರಾಜಪೇಟೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಮುಂದಿನದು ಅರ್ಥವಾಗಲಿ ಎಂದು ಹೇಳುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಮೊದಲು ಬ್ಲೌಸ್ ಪೀಸು, ಆಮೇಲೆ ಲಂಗ, ಆಮೇಲೆ ಸೀರೆ ಎಂದು ಮನೆಮನೆಗೆ ಮಾರಿದವಳು ನಾನು. ಬಾಗಿಲು ತೆರೆದ ಹೆಂಗಸು "ಇವತ್ತು ಬೇಡ" ಅನ್ನುವುದರೊಳಗೆ ಜಗಲಿಯ ಮೇಲೆ ಎರಡು ಸೀರೆ ಹರಡಿರುತ್ತಿದ್ದೆ. ಹರಡಿದ್ದನ್ನು ಮಡಿಸಿ ಎನ್ನಲು ಯಾರಿಗೂ ಅಷ್ಟು ಸುಲಭವಾಗಿ ಬಾಯಿ ಬರುವುದಿಲ್ಲ. ವ್ಯಾಪಾರಕ್ಕೆ ಇಳಿಯುವವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಹೋದ ಮೇಲೆ ಮಕ್ಕಳಿಗೆ ಒಂದು ಪ್ಲೇಹೋಮ್ ತೆರೆದೆ. ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿ ಹಳೆಯ ಮನೆ, ಮುಂದೆ ವರಾಂಡ, ನಡುವೆ ದೊಡ್ಡ ಹಾಲು, ಹಿಂದೆ ಒಂದು ಸಣ್ಣ ಕೋಣೆ. ಮಕ್ಕಳ ಮೂಗು ಒರೆಸಲು, ಊಟ ಮಾಡಿಸಲು, ಮತ್ತು ನಾನು ಮಾಡಿದ್ದು ಸರಿಯಿಲ್ಲ ಎಂದು ದಿನಕ್ಕೊಂದು ಸಲ ಹೇಳಲು ಒಬ್ಬ ಆಯಾ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಸಂಬಳ ಕೊಡುವವರು ಅಕ್ಕ ಎಂಬುದು ಅವಳ ಲೆಕ್ಕ.

ನನ್ನ ಪ್ಲೇಹೋಮು ನಡೆಯುತ್ತಿದ್ದದ್ದು ಡೈರಿಯ ಮೇಲೆ. ಪ್ರತಿ ಮಗುವಿನ ಚೀಲದಲ್ಲೂ ಒಂದು ಡೈರಿ. ಹಬ್ಬದ ರಜ, ಫೋಟೋ ತೆಗೆಸುವ ದಿನ, ಲಾಲ್‌ಬಾಗಿಗೆ ಕರೆದುಕೊಂಡು ಹೋಗುವುದು, ಎಲ್ಲವನ್ನೂ ಸಣ್ಣ ಚೀಟಿಯಲ್ಲಿ ಜೆರಾಕ್ಸ್ ಮಾಡಿಸಿ ಅದರಲ್ಲಿ ಅಂಟಿಸುತ್ತಿದ್ದೆ. ಕೆಳಗೆ ತಂದೆ ಅಥವಾ ತಾಯಿಯ ಸಹಿ. ಸಹಿಯಿಲ್ಲದ ಡೈರಿ ತಂದ ಮಗುವನ್ನು ವರಾಂಡದಲ್ಲೇ ಕೂರಿಸುತ್ತಿದ್ದೆ. ಒಂದೇ ವಾರದಲ್ಲಿ ತಾಯಂದಿರು ಪಳಗಿದರು. ಚೀಟಿ ಕಂಡರೆ ಸಾಕು, ಗೇಟಿನ ಕಂಬದ ಮೇಲೇ ಡೈರಿ ಇಟ್ಟು ಗೀಚುತ್ತಿದ್ದರು. ಮಕ್ಕಳ ತಲೆಯಲ್ಲಿ ಹೇನಾಗಿದೆ, ಔಷಧಿ ಹಾಕಿ ಎಂದು ಒಂದೇ ವರ್ಷದಲ್ಲಿ ಮೂರು ಸಲ ಚೀಟಿ ಕಳಿಸಿದ್ದೆ. ಮೂರು ಸಲವೂ ಎಲ್ಲರ ಸಹಿ ಬಂತು. ಮೂರು ಸಲವೂ ಹೇನು ಹಾಗೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ನವೆಂಬರಿನ ಒಂದು ಬೆಳಿಗ್ಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟ ಹುಡುಗಿಯೊಬ್ಬಳು ಗೇಟಿನ ಹತ್ತಿರ ನಿಂತಿದ್ದಳು. ಇಪ್ಪತ್ತೇಳು ಇಪ್ಪತ್ತೆಂಟಿರಬಹುದು. ಕೈಯಲ್ಲಿ ಫೈಲು. ಮಕ್ಕಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ, ನಾಲ್ಕು ವರ್ಷದ ಮಕ್ಕಳು ತಮ್ಮದನ್ನು ಇನ್ನೊಬ್ಬರಿಗೆ ಕೊಡುವುದನ್ನು ಹೇಗೆ ಕಲಿಯುತ್ತಾರೆ ಎಂದು ನೋಡುವುದು ನನ್ನ ಕೆಲಸ ಎಂದಳು. ಇದನ್ನು ನೋಡಲು ಅವಳಿಗೆ ಯಾರೋ ಹಣ ಕೊಡುತ್ತಿದ್ದರು. ನಾನು ಇದನ್ನು ಹದಿನೈದು ವರ್ಷ ಬಿಟ್ಟಿಯಾಗಿ ನೋಡಿದ್ದೆ.

"ನಿಮ್ಮಿಂದ ನಮ್ಗೇನು?" ಎಂದೆ. ಸುತ್ತಿ ಬಳಸಿ ಕೇಳಿದರೆ ಸಮಯ ಹಾಳು.

"ಥೀಸಿಸ್‌ನಲ್ಲಿ ನಿಮಗೆ ಥ್ಯಾಂಕ್ಸ್ ಹೇಳ್ತೀವಿ ಮೇಡಂ."

"ಯಾರು ಓದ್ತಾರೆ ಅದನ್ನ?"

ಅವಳು ಸುಳ್ಳು ಹೇಳುವವಳಲ್ಲ ಎಂದು ಆವತ್ತೇ ಗೊತ್ತಾಗಬೇಕಿತ್ತು. ಸ್ವಲ್ಪ ಯೋಚಿಸಿ, "ಮೂರು ಜನ ಎಕ್ಸಾಮಿನರ್ಸ್," ಎಂದಳು.

"ಮೂರು ಜನಕ್ಕೂ ಚಿಕ್ಕ ಮಕ್ಳಿದಾರಾ? ಇದ್ರೆ ಹೇಳಿ, ಸೇರಿಸ್ಕೋತೀನಿ."

ನಕ್ಕಳು. ನಾನು ನಗಲಿಲ್ಲ. ಒಂದು ಜಾರುಬಂಡೆ ಕೊಡಿಸಿ ಎಂದೆ. ಆಗ ಅವಳು ಫೈಲು ತೆರೆದು ನಿಯಮ ಹೇಳಿದಳು. ಸಂಶೋಧನೆ ನಡೆಯುವ ಜಾಗದ ಯಜಮಾನರಿಗೆ ಉಡುಗೊರೆ ಕೊಡುವಂತಿಲ್ಲ. ಅದು ಆಮಿಷವಾಗುತ್ತದೆ. ಇದನ್ನೆಲ್ಲ ನೋಡಲು ಒಂದು ಸಮಿತಿ ಇದೆ.

"ಅಂದ್ರೆ, ನಿಮಗೆ ಏನಾದ್ರೂ ಕೊಟ್ರೆ ನೀವು ಪೇರೆಂಟ್ಸ್‌ನ ಒತ್ತಾಯ ಮಾಡ್ಬಹುದು ಅಂತ."

"ಕೊಡದೇ ಇದ್ರೂ ಮಾಡ್ತೀನಿ," ಎಂದೆ. ತಮಾಷೆ ಎಂದುಕೊಂಡಳು.

ಕೊನೆಗೆ ಅವಳ ಫೈಲಿನಲ್ಲೇ ದಾರಿ ಸಿಕ್ಕಿತು. ಸಂಶೋಧನೆಗೆಂದು ಕೊಂಡ ಸಾಮಾನನ್ನು ಕೆಲಸ ಮುಗಿದ ಮೇಲೆ ಆ ಜಾಗಕ್ಕೇ ಬಿಟ್ಟುಹೋಗಬಹುದು ಎಂದಿತ್ತು. ಎರಡು ಸಣ್ಣ ಮೇಜು, ನಾಲ್ಕು ಕುರ್ಚಿ, ಒಂದು ಜಮಖಾನ. ಜಮಖಾನ ದೊಡ್ಡದಿರಲಿ, ಹಾಲಿನ ಅಳತೆಯದ್ದಿರಲಿ ಎಂದೆ. ಕೆಲಸ ನಡೆಯುವುದು ಹಿಂದಿನ ಸಣ್ಣ ಕೋಣೆಯಲ್ಲಲ್ಲವೇ ಎಂದಳು. ಮಡಿಸಿ ಹಾಕಿಕೊಳ್ಳಿ ಎಂದೆ.

ಅವಳಿಗೆ ಅವಸರವಿತ್ತು, ಅದನ್ನು ನಾನು ಮೊದಲೇ ಗಮನಿಸಿದ್ದೆ. ಮಲ್ಲೇಶ್ವರದ ಒಂದು ಶಾಲೆ ಒಪ್ಪಿಕೊಂಡು ಕೊನೆಗೆ ಕೈಕೊಟ್ಟಿತ್ತು. ಮಾರ್ಚ್ ಒಳಗೆ ಮೂವತ್ತು ಮಕ್ಕಳ ಕೆಲಸ ಮುಗಿಸಿ ತೋರಿಸಿದರೆ ಮುಂದಿನ ವರ್ಷದ ಹಣ, ಇಲ್ಲದಿದ್ದರೆ ಇಲ್ಲ. ಹಣ ನಿಂತರೆ ಅವಳ ಪಿಎಚ್‌.ಡಿ. ನಿಲ್ಲುತ್ತಿತ್ತು. ಮನೆಯಲ್ಲಿ ಇನ್ನೊಂದು ವರ್ಷ ಕಾಯುವ ಮಾತಿರಲಿಲ್ಲ, ಗಂಡು ಹುಡುಕುತ್ತಿದ್ದರು. ಇಷ್ಟನ್ನೂ ಅವಳು ಎರಡು ಲೋಟ ಕಾಫಿಯಲ್ಲಿ ಹೇಳಿದಳು. ಚೌಕಾಸಿಗೆ ಕೂರುವ ಮೊದಲು ಎದುರಿನವರಿಗೆ ಕಾಫಿ ಕೊಡಿ. ಖರ್ಚು ಕಡಿಮೆ, ವಿಷಯ ಜಾಸ್ತಿ.

ನನ್ನ ಹತ್ತಿರ ಮೂವತ್ತೆರಡು ಮಕ್ಕಳಿದ್ದರು.

ಒಪ್ಪಿಗೆ ಪತ್ರ ಕನ್ನಡದಲ್ಲಿ ನಾಲ್ಕು ಪುಟ. ಅವಳೇ ಬರೆದದ್ದು. ಆಯಾಳಿಗೆ ಮೊದಲ ಪುಟ ಓದಿ ಹೇಳಿದೆ. "ಯಾವ್ದೋ ಮನೆ ಖಾಲಿ ಮಾಡಿ ಅಂತ ನೋಟೀಸ್ ಬಂದಂಗಿದೆ ಕಣಕ್ಕ," ಎಂದಳು. ಆ ಪತ್ರವನ್ನು ಒಬ್ಬೊಬ್ಬ ತಾಯಿಗೂ ಕಾಲು ಗಂಟೆ ಕೂರಿಸಿ ವಿವರಿಸಬೇಕು, ಬೇಡ ಅನ್ನಬಹುದು ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು, ಆಮೇಲೆ ಸಹಿ. ಹುಡುಗಿ ಹಾಗೆಂದಳು.

"ನೋಡಮ್ಮಾ," ಎಂದೆ. "ನಮ್ ತಾಯಂದಿರು ಗೇಟ್ ಹತ್ರ ನಿಲ್ಲೋದೇ ಎರಡು ನಿಮಿಷ. ಆಚೆ ಆಟೋ ಮೀಟರ್ ಓಡ್ತಿರುತ್ತೆ. ನಾನು ಡೈರೀಲಿ ಅಂಟಿಸ್ತೀನಿ, ನಾಳೆ ಸಂಜೆ ಹೊತ್ತಿಗೆ ಮೂವತ್ತೆರಡೂ ನಿನ್ ಕೈಲಿರುತ್ತೆ."

"ಓದ್ತಾರಾ ಆಂಟಿ?" ಅಷ್ಟರಲ್ಲಿ ಮೇಡಂ ಹೋಗಿ ಆಂಟಿ ಆಗಿದ್ದೆ.

"ನಮ್ ಡೈರೀಲಿ ಬಂದಿದ್ದನ್ನ ಎಲ್ಲಾರೂ ಓದ್ತಾರೆ."

ಹೇನಿನ ವಿಷಯ ಅವಳಿಗೆ ಹೇಳಲಿಲ್ಲ. ಅವಳು ಒಂದು ಕ್ಷಣ ಫೈಲನ್ನು ನೋಡಿದಳು, ಇನ್ನೊಂದು ಕ್ಷಣ ಗೋಡೆಯ ಕ್ಯಾಲೆಂಡರ್ ನೋಡಿದಳು. ಸರಿ ಆಂಟಿ ಎಂದಳು. ನಾಲ್ಕು ಪುಟವನ್ನು ಸಣ್ಣ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಿ, ಮಡಿಸಿ, ಹಬ್ಬದ ರಜದ ಚೀಟಿಯ ಮುಂದಿನ ಹಾಳೆಗೆ ಅಂಟಿಸಿದೆ. ಮರುದಿನ ಮೂವತ್ತೆರಡು ಸಹಿ ಬಂತು. ಒಂದು ಡೈರಿಯಲ್ಲಿ ಮಡಿಕೆಯನ್ನೇ ಬಿಚ್ಚಿರಲಿಲ್ಲ, ಹೊರಗಡೆಯೇ ಸಹಿ ಹಾಕಿದ್ದರು. ನಾನು ಬಿಚ್ಚಿ, ಇಸ್ತ್ರಿ ಮಾಡಿದ ಹಾಗೆ ಕೈಯಿಂದ ಒತ್ತಿ, ಹುಡುಗಿಗೆ ಕೊಟ್ಟೆ.

ಕೆಲಸ ಇಷ್ಟೇ. ಹಿಂದಿನ ಕೋಣೆಗೆ ಒಂದೊಂದೇ ಮಗುವನ್ನು ಕರೆದು ಐದು ಕಡಲೆಮಿಠಾಯಿ ಕೊಡುವುದು. ಇವು ನಿನ್ನವೇ. ಇನ್ನೊಂದು ಮಗು ಇವತ್ತು ಬಂದಿಲ್ಲ, ಅದಕ್ಕೆ ಸಿಕ್ಕಿಲ್ಲ. ನಿನಗೆ ಇಷ್ಟವಿದ್ದರೆ ಎಷ್ಟು ಬೇಕಾದರೂ ಈ ಡಬ್ಬದಲ್ಲಿ ಹಾಕು, ಇಷ್ಟವಿಲ್ಲದಿದ್ದರೆ ಬೇಡ, ಯಾರೂ ಏನೂ ಅನ್ನುವುದಿಲ್ಲ. ಇಷ್ಟು ಹೇಳಿ ಹುಡುಗಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಮೂರು ಸಲ, ತಿಂಗಳಿಗೊಂದು ಸುತ್ತು. ನಾನು ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಅದಕ್ಕೆ ನಿಯಮವಿತ್ತೋ ಇಲ್ಲವೋ ಕೇಳಲಿಲ್ಲ.

ಮೊದಲ ಸುತ್ತು ನೋಡಲು ಚೆನ್ನಾಗಿತ್ತು. ಹೆಚ್ಚಿನವರು ಒಂದೋ ಎರಡೋ ಹಾಕಿದರು. ಒಬ್ಬ ಒಂದನ್ನು ಅರ್ಧ ಕಚ್ಚಿ ಉಳಿದದ್ದನ್ನು ಹಾಕಿದ. ಎನ್.ಆರ್. ಕಾಲೋನಿಯ ಒಬ್ಬಳು ಅಮ್ಮನನ್ನು ಕೇಳಿ ನಾಳೆ ಹೇಳುತ್ತೇನೆ ಎಂದು ಎದ್ದು ಬಂದಳು. ಪೇಟೆಯಲ್ಲಿ ಸಗಟು ಬೇಳೆ ಅಂಗಡಿಯಿದ್ದ ಮನೆಯ ಹುಡುಗ, "ಅವ್ನು ನಂಗೇನ್ ಕೊಡ್ತಾನೆ?" ಎಂದು ಕೇಳಿದ. ಆ ಹುಡುಗನ ಮೇಲೆ ನನಗೆ ಬಹಳ ಭರವಸೆಯಿತ್ತು.

ಒಂದು ಹೆಣ್ಣುಮಗು ಮಾತ್ರ ಐದನ್ನೂ ಎರಡು ಮುಷ್ಟಿಯಲ್ಲಿ ಹಿಡಿದುಕೊಂಡು, ಡಬ್ಬದ ಕಡೆ ತಿರುಗಿಯೂ ನೋಡದೆ, "ಕೊಡಲ್ಲ" ಎಂದು ಹೊರಗೆ ಬಂದಿತು. ಬಿನ್ನಿಪೇಟೆಯ ಕಡೆಯ ಮಗು. ತಾಯಿ ಮನೆಯಲ್ಲೇ ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು, ತಂದೆ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತ. ಮಗಳನ್ನು ಒಳ್ಳೆಯ ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಅಷ್ಟು ದೂರದಿಂದ ನನ್ನ ಪ್ಲೇಹೋಮಿಗೆ ಹಾಕಿದ್ದರು.

ಈಗ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಡಿಸೆಂಬರ್, ಜನವರಿ ಎಂದರೆ ದೊಡ್ಡ ಶಾಲೆಗಳ ಅರ್ಜಿಯ ಕಾಲ. ಎಲ್‌.ಕೆ.ಜಿ.ಗೆ ಇಂಟರ್‌ವ್ಯೂ. ಬಣ್ಣ ಹೇಳು, ಹಣ್ಣು ಹೇಳು, ಅಪ್ಪನ ಹೆಸರು ಹೇಳು. ಅರ್ಜಿಗೆ ಬೆಳಗಿನ ಜಾವವೇ ಹೋಗಿ ಸಾಲಿನಲ್ಲಿ ಚಪ್ಪಲಿ ಇಟ್ಟು ಬರುವವರಿದ್ದರು. ಅಂಥ ಕಾಲದಲ್ಲಿ ಗಂಜಿ ಸೀರೆ ಉಟ್ಟ, ಫೈಲು ಹಿಡಿದ, ಇಂಗ್ಲಿಷ್ ಬರುವ ಹೆಂಗಸೊಬ್ಬಳು ಮಕ್ಕಳನ್ನು ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಏನೋ ಕೇಳಿ ಬರೆದುಕೊಂಡರೆ ಬಸವನಗುಡಿಯಿಂದ ಬಿನ್ನಿಪೇಟೆಯವರೆಗೆ ಯಾವ ತಾಯಿಯಾದರೂ ಏನು ತಿಳಿಯುತ್ತಾಳೆ?

"ಆಂಟಿ, ಯಾವ್ ಸ್ಕೂಲ್‌ನೋರು ಅವ್ರು?" ಎಂದು ಬೇಳೆ ಅಂಗಡಿಯ ಮನೆಯಾಕೆ ಗೇಟಿನಲ್ಲಿ ಪಿಸುಗುಟ್ಟಿದಳು.

"ನಂಗೇನ್ ಗೊತ್ತಮ್ಮಾ," ಎಂದೆ.

"ಹೇಳ್ಬಾರ್ದು ಅಂತ ಇರುತ್ತೆ, ಬಿಡಿ," ಎಂದು ಕಣ್ಣು ಮಿಟುಕಿಸಿದಳು.

ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಎನ್ನಲಿಲ್ಲ. ಆ ತಿಂಗಳು ಹೊಸದಾಗಿ ಸೇರಿಸಿಕೊಳ್ಳುತ್ತೀರಾ ಎಂದು ನಾಲ್ಕು ಜನ ಕೇಳಿಕೊಂಡು ಬಂದರು. ಜಾಗ ಇಲ್ಲ ಎಂದು ಹೇಳುವ ಸುಖ ನನಗೆ ಅದೇ ಮೊದಲು.

ಬಿನ್ನಿಪೇಟೆಯ ತಾಯಿ ಮಾತ್ರ ಪಿಸುಗುಟ್ಟಲಿಲ್ಲ. ಮೊದಲ ಸುತ್ತಿನ ಮರುದಿನ ಬೆಳಿಗ್ಗೆಯೇ ನೇರವಾಗಿ ಒಳಗೆ ಬಂದಿದ್ದಳು. "ಆಂಟಿ, ನನ್ ಮಗ್ಳು ಒಂದೂ ಕೊಡ್ಲಿಲ್ವಂತೆ. ಫೇಲಾದ್ಲಾ?"

ಆಗ ನಾನು ಏನು ಬೇಕಾದರೂ ಹೇಳಬಹುದಿತ್ತು. ಹೇಳಿದ್ದು ಇಷ್ಟು: "ಇನ್ನೂ ಎರಡು ಸಲ ಇದೆಯಮ್ಮಾ. ಯೋಚನೆ ಮಾಡ್ಬೇಡ, ಹೇಳ್ಕೊಡು."

ಸಲಹೆ ಕೊಡುವ ಚಟ ನನಗೆ. ಯಾರಾದರೂ ಮುಖ ಸಣ್ಣದು ಮಾಡಿಕೊಂಡು ನಿಂತರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ.

ಜನವರಿಯಲ್ಲಿ ಎರಡನೆಯ ಸುತ್ತು. ಮೊದಲ ಮಗು ಐದಕ್ಕೆ ಐದೂ ಡಬ್ಬಕ್ಕೆ ಹಾಕಿತು. ಎರಡನೆಯದೂ ಐದು. ಮೂರನೆಯದು ಹಾಕಿ, ಕೈ ಕಟ್ಟಿ ನಿಂತು, "ಶೇರಿಂಗ್ ಈಸ್ ಎ ಗುಡ್ ಹ್ಯಾಬಿಟ್, ಮಿಸ್," ಎಂದಿತು. ಮಧ್ಯಾಹ್ನದ ಹೊತ್ತಿಗೆ ಡಬ್ಬ ತುಂಬಿ ಮುಚ್ಚಳ ಕೂರುತ್ತಿರಲಿಲ್ಲ. ಬೇಳೆ ಅಂಗಡಿಯ ಹುಡುಗ ಐದನ್ನೂ ಹಾಕಿ ಗೋಡೆಯ ಕಡೆ ತಿರುಗಿದ್ದ ಹುಡುಗಿಗೆ, "ಮಿಸ್, ಹಾಕ್ದೆ. ಬರ್ಕೊಂಡ್ರಾ?" ಎಂದು ನೆನಪಿಸಿದ.

ಹುಡುಗಿ ಮೊದಲು ಖುಷಿಪಟ್ಟಳು. ಸಂಜೆ ಪುಸ್ತಕವನ್ನು ಎರಡೆರಡು ಸಲ ತಿರುಗಿಸಿ ನೋಡಿದಳು. "ಆಂಟಿ, ಒಂದು ತಿಂಗಳಲ್ಲಿ ಚಾಮರಾಜಪೇಟೆ ಮಕ್ಳೆಲ್ಲ ಇಷ್ಟು ಒಳ್ಳೆಯವರಾಗ್ಬಿಟ್ರಾ?"

"ನಮ್ ಪ್ಲೇಹೋಮೇ ಹಂಗೆ," ಎಂದೆ.

ಮರುದಿನ ಊಟದ ಹೊತ್ತಿಗೆ ಆಯಾ ನನ್ನನ್ನು ಅಡುಗೆಮನೆಗೆ ಕರೆದಳು. "ಅಕ್ಕಾ, ಆ ಬಿನ್ನಿಪೇಟೆ ಮಗು ಒಂದು ವಾರದಿಂದ ಡಬ್ಬಿ ಖಾಲಿ ತಗೊಂಡೋಗ್ತಿದೆ. ಆದ್ರೆ ಹೊಟ್ಟೆಗೆ ಏನೂ ಹೋಗ್ತಿಲ್ಲ. ಬಂದು ನೋಡು."

ಹಾಲಿನ ಬಾಗಿಲಲ್ಲಿ ನಿಂತು ನೋಡಿದೆ. ಆ ಮಗು ಡಬ್ಬಿ ತೆರೆದು ಚಪಾತಿಯ ಸುರುಳಿಗಳನ್ನು ಒಂದೊಂದಾಗಿ ತೆಗೆದು ಸಾಲಿನಲ್ಲಿದ್ದವರಿಗೆ ಹಂಚುತ್ತಿತ್ತು. ಯಾರೂ ಕೇಳಿರಲಿಲ್ಲ. ಬೇಡ ಎಂದ ಮಗುವಿನ ತಟ್ಟೆಗೂ ಇಟ್ಟು ಬಂದಿತು. ಆಮೇಲೆ ಖಾಲಿ ಡಬ್ಬಿ ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು, ಉಳಿದವರು ತಿನ್ನುವುದನ್ನು ನೋಡುತ್ತಾ ಕೂತಿತು. ಎರಡು ಜಡೆಯಲ್ಲಿ ಒಂದಕ್ಕೆ ರಿಬ್ಬನ್ನೇ ಇರಲಿಲ್ಲ. ಬೇಳೆ ಅಂಗಡಿಯ ಹುಡುಗನ ಚೀಲ ತಡಕಿದಾಗ ಒಂದು ರಿಬ್ಬನ್ನು, ಮೂರು ಕ್ಲಿಪ್ಪು, ಒಂದು ಕಾಲುಚೀಲ ಸಿಕ್ಕಿದವು.

"ಅವ್ಳೇ ಕೊಟ್ಳು. ನಾನ್ ಕೇಳ್ಲಿಲ್ಲ," ಎಂದ. ನಿಜವೇ ಹೇಳುತ್ತಿದ್ದ.

ಆಯಾ ಅನ್ನ ಸಾರು ಕಲೆಸಿ ತಂದಳು. ಮಗು ಬಾಯಿ ತೆರೆಯಲಿಲ್ಲ. ನಾನು ಪಕ್ಕದಲ್ಲಿ ಕೂತು, "ಯಾಕಮ್ಮಾ ಎಲ್ಲಾ ಕೊಟ್ಬಿಡ್ತೀಯಾ?" ಎಂದೆ.

"ಕೊಡ್ಲಿಲ್ಲಾಂದ್ರೆ ಸ್ಕೂಲ್‌ಗೆ ಸೇರಿಸ್ಕೊಳಲ್ಲ."

"ಯಾರು ಹಂಗಂದಿದ್ದು?"

"ಅಮ್ಮ."

"ಅಮ್ಮಂಗೆ ಯಾರು ಹೇಳಿದ್ದು?"

"ನೀವು."

ಹಿಂದೆ ತಿರುಗಿ ನೋಡಿದರೆ ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಬಂದು ನೆಲದ ಮೇಲೆ ಮಗುವಿನ ಎದುರು ಕೂತಳು. "ಅದು ಸ್ಕೂಲ್ ಅಲ್ಲ ಪುಟ್ಟಾ. ನಾನು ಸುಮ್ನೆ ಕೇಳಿದ್ದು. ಕೊಡಲ್ಲ ಅಂದ್ಯಲ್ಲ, ಅದೂ ಸರೀನೇ," ಎಂದಳು. ಮಗು ನನ್ನ ಮುಖ ನೋಡಿತು, ನನ್ನ ಅಪ್ಪಣೆಗೆ ಕಾಯುವ ಹಾಗೆ. ನಾನು ತಲೆಯಾಡಿಸಿದೆ. ಆಮೇಲೆ ಆಯಾಳ ಕೈಯಿಂದ ಎರಡು ತುತ್ತು ತಿಂದಿತು. ಪೂರಾ ಊಟ ಮಾಡಲು ಇನ್ನೂ ಹತ್ತು ದಿನ ಬೇಕಾಯಿತು.

"ಎಷ್ಟು ಜನ ತಾಯಂದಿರು ಹೀಗೆ ಅಂದ್ಕೊಂಡಿದಾರೆ ಆಂಟಿ?" ಸಂಜೆ ಮಕ್ಕಳೆಲ್ಲ ಹೋದ ಮೇಲೆ ಕೇಳಿದಳು.

"ಎಲ್ಲಾರೂ."

"ನಿಮಗೆ ಗೊತ್ತಿತ್ತು."

ನಾನು ವ್ಯವಹಾರಕ್ಕೆ ಇಳಿದೆ. ಎರಡನೆಯ ಸುತ್ತನ್ನು ಬಿಟ್ಟುಬಿಡು ಎಂದೆ. ಮೊದಲನೆಯದು ಚೆನ್ನಾಗಿಯೇ ಇದೆಯಲ್ಲ, ಆಗ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೆರಡು ಸುತ್ತು ಬೇರೆ ಏನಾದರೂ ಹೊಸದು ಮಾಡು, ಮಿಠಾಯಿ ಬದಲು ಬಣ್ಣದ ಪೆನ್ಸಿಲು ಇಡು. ಯಾರಿಗೂ ನಷ್ಟವಿಲ್ಲ.

"ಮೊದಲನೇ ಸುತ್ತಿಗೂ ಯಾರೂ ಒಪ್ಪಿಲ್ಲ ಆಂಟಿ. ಸಹಿ ಹಾಕಿದಾರೆ ಅಷ್ಟೇ. ತಪ್ಪು ನಂದೂ ಇದೆ. ಓದ್ತಾರಾ ಅಂತ ನಿಮ್ಮನ್ನ ಕೇಳ್ದಾಗಲೇ ನಂಗೆ ಉತ್ತರ ಗೊತ್ತಿತ್ತು."

ಸಮಿತಿಗೆ ತಾನೇ ಬರೆದು ತಿಳಿಸುತ್ತೇನೆ ಎಂದಳು. ತನ್ನ ತಪ್ಪನ್ನು ತಾನೇ ಅಂಚೆಗೆ ಹಾಕುವವರನ್ನು ನಾನು ನೋಡಿದ್ದು ಅದೇ ಮೊದಲು.

ಸಮಿತಿಯ ಹಿರಿಯರೊಬ್ಬರು ಮಲ್ಲೇಶ್ವರದಲ್ಲಿದ್ದರು, ನಿವೃತ್ತ ಡಾಕ್ಟರು. ಡೈರಿಯ ಸಮೇತ ಬಂದು ಕಾಣಿ ಎಂದು ಹೇಳಿಕಳಿಸಿದರು. ನಾನೂ ಹೋದೆ. ಒಂಟಿಯಾಗಿ ಹೋದರೆ ಹುಡುಗಿ ಎಲ್ಲವನ್ನೂ ಒಪ್ಪಿಕೊಂಡು ಬಂದುಬಿಡುತ್ತಾಳೆ, ಮಾತಾಡುವವರೊಬ್ಬರು ಬೇಡವೇ? ಅವರು ಕನ್ನಡಕ ಏರಿಸಿ ಡೈರಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಇದು ಹೇನು," ಎಂದರು. "ಇದು ಹಬ್ಬದ ರಜ. ಇದು ಒಪ್ಪಿಗೆ. ಇದು ಮತ್ತೆ ಹೇನು. ಯಾರಾದ್ರೂ ಬೇಡ ಅಂದ್ರಾ?"

"ಇಲ್ಲ ಸಾರ್. ನೂರಕ್ಕೆ ನೂರು," ಎಂದೆ.

"ನಲವತ್ತು ವರ್ಷ ಪ್ರಾಕ್ಟೀಸ್ ಮಾಡಿದೀನಮ್ಮಾ. ಪುಕ್ಕಟೆ ಔಷಧಿ ಕೊಟ್ರೂ ನೂರಕ್ಕೆ ನೂರು ಜನ ತಗೊಂಡಿಲ್ಲ."

"ನಂಗೆ ಯಾರೂ ಬೇಡ ಅನ್ನಲ್ಲ ಸಾರ್."

"ಅದೇ ತೊಂದರೆ," ಎಂದರು, ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲಿ.

ಅರ್ಧಕ್ಕೆ ತರಲು ನೋಡಿದೆ. ಹದಿನಾರು ಮಕ್ಕಳದ್ದಾದರೂ ಇಟ್ಟುಕೊಳ್ಳಿ ಎಂದೆ. ಯಾವ ಹದಿನಾರು ಎಂದು ಕೇಳಿದರು. ಹುಡುಗಿಯ ಭವಿಷ್ಯ ಎಂದೆ. ಹಣ ಕೊಡುವವರ ಗಡುವಿಗೂ ನಮಗೂ ಸಂಬಂಧವಿಲ್ಲ ಎಂದರು. ಮಗು ಈಗ ಊಟ ಮಾಡುತ್ತಿದೆ ಎಂದೆ. ಸಂತೋಷ ಎಂದರು. ಇಷ್ಟು ಕಡಿಮೆ ಮಾತಿನಲ್ಲಿ ನನ್ನನ್ನು ಯಾರೂ ಸೋಲಿಸಿರಲಿಲ್ಲ. ಸೀರೆ ವ್ಯಾಪಾರಕ್ಕೆ ಬಂದಿದ್ದರೆ ಮನುಷ್ಯ ಚಿಕ್ಕಪೇಟೆಯನ್ನೇ ಕೊಳ್ಳುತ್ತಿದ್ದರು.

ತೀರ್ಮಾನ ಹೀಗಾಯಿತು. ಬರೆದುಕೊಂಡದ್ದೆಲ್ಲ ರದ್ದು. ಇದು ಯಾವ ಶಾಲೆಯ ಇಂಟರ್‌ವ್ಯೂವೂ ಅಲ್ಲ ಎಂದು ಎಲ್ಲ ತಾಯಂದಿರಿಗೂ ನಾನೇ ಹೇಳಬೇಕು. ಆಮೇಲೆ ಬೇಕಾದರೆ ಹೊಸದಾಗಿ, ಒಬ್ಬೊಬ್ಬರಿಗೂ ಪತ್ರವನ್ನು ಓದಿ ಹೇಳಿ, ಬೇಡ ಅನ್ನಬಹುದು ಎಂಬುದನ್ನೇ ಮೊದಲು ಹೇಳಿ, ಒಪ್ಪಿದವರನ್ನು ತೆಗೆದುಕೊಳ್ಳಬಹುದು.

"ಓದುವಾಗ ಈಯಮ್ಮ ಆ ಕೋಣೆಯಲ್ಲಿ ಇರ್ಬಾರ್ದು," ಎಂದು ನನ್ನ ಕಡೆ ಬೆರಳು ತೋರಿಸಿದರು.

"ನಾನಿಲ್ದೆ ಅವ್ರು ಬರಲ್ಲ ಸಾರ್."

"ಬರ್ಲಿಲ್ಲಾಂದ್ರೆ ಅದೇ ಉತ್ತರ ಅಲ್ವೇನಮ್ಮಾ?"

ಮುಂದಿನ ಶನಿವಾರ ತಾಯಂದಿರನ್ನು ಸೇರಿಸಿದೆ. ಹಾಲಿನಲ್ಲಿ ನಿಂತು ಹೇಳಿದೆ. ಇವರು ಯಾವ ಸ್ಕೂಲಿನವರೂ ಅಲ್ಲ. ಕೊಟ್ಟರೂ ಸೀಟು ಸಿಗುವುದಿಲ್ಲ, ಕೊಡದಿದ್ದರೂ ಹೋಗುವುದಿಲ್ಲ. ನೀವೆಲ್ಲ ತಪ್ಪು ತಿಳಿದದ್ದು ನನಗೆ ಗೊತ್ತಿತ್ತು, ನಾನು ತಿದ್ದಲಿಲ್ಲ. ಕೊನೆಯ ವಾಕ್ಯವನ್ನು ಹುಡುಗಿ ಬರೆದುಕೊಟ್ಟಿದ್ದಳು. ಅದನ್ನು ಸ್ವಲ್ಪ ಬೇಗ ಓದಿದೆ. ಹಿಂದಿನಿಂದ ಯಾರೋ, "ಕೇಳಿಸ್ಲಿಲ್ಲ ಆಂಟಿ," ಎಂದರು. ಮತ್ತೊಮ್ಮೆ ಓದಿದೆ.

"ಅಂದ್ರೆ ಎರಡು ತಿಂಗಳಿಂದ ಮನೇಲಿ ಹಂಚೋದು ಕಲ್ಸಿದ್ದು ದಂಡ," ಎಂದಳು ಒಬ್ಬಳು.

"ನಮ್ಮೋನು ಅಜ್ಜಿ ಮಾತ್ರೆ ಎಲ್ಲ ಹಂಚ್ಬಿಟ್ಟಿದಾನೆ," ಎಂದಳು ಇನ್ನೊಬ್ಬಳು.

ಬೇಳೆ ಅಂಗಡಿಯಾಕೆ ಎದ್ದು ನಿಂತಳು. "ಆಂಟಿ, ಹೇಳ್ಬಾರ್ದು ಅಂತ ರೂಲ್ಸ್ ಇದ್ರೆ ಹಂಗೇ ಇರ್ಲಿ, ಇಷ್ಟೆಲ್ಲ ನಾಟಕ ಯಾಕೆ?" ಅವಳನ್ನು ನಂಬಿಸಲು ಅರ್ಧ ಗಂಟೆ ಹಿಡಿಯಿತು. ನಂಬಿದ ಮೇಲೆ ಮಗನನ್ನು ಬಿಡಿಸಿಕೊಂಡು ಬೇರೆ ಪ್ಲೇಹೋಮಿಗೆ ಹಾಕಿದಳು. ಇನ್ನೊಬ್ಬಳೂ ಹಾಗೇ ಮಾಡಿದಳು. ಹೊಸದಾಗಿ ಕೇಳಿಕೊಂಡು ಬಂದಿದ್ದ ನಾಲ್ಕು ಜನರ ಫೋನೂ ನಿಂತಿತು. ಸತ್ಯ ಹೇಳುವುದಾದರೆ ಅರ್ಜಿಯ ಕಾಲ ಮುಗಿದ ಮೇಲೆ ಹೇಳಿ.

ಆಮೇಲಿನ ಮೂರು ವಾರ ಹುಡುಗಿ ಹಿಂದಿನ ಕೋಣೆಯಲ್ಲಿ ಪತ್ರ ಓದುತ್ತಿದ್ದಳು. ನಾನು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಳಗೆ ಹೋದವರು ಇಪ್ಪತ್ತು ನಿಮಿಷಕ್ಕೆ ಮೊದಲು ಬರುತ್ತಿರಲಿಲ್ಲ. ಬಂದವರು ನನ್ನ ಮುಖ ನೋಡಿ ತಲೆ ತಗ್ಗಿಸಿದರೆ ಬೇಡ ಎಂದಿದ್ದಾರೆ ಎಂದು ಅರ್ಥ. ತಗ್ಗಿಸುವವರೇ ಹೆಚ್ಚು. ಆಯಾ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ, "ಬೇಡ ಅನ್ನೋಕೆ ಇವ್ರಿಗೂ ಬರುತ್ತೆ ನೋಡು. ಇಷ್ಟು ದಿನ ನೀನು ಬಿಟ್ಟಿರ್ಲಿಲ್ಲ," ಎಂದಳು.

ಮೂವತ್ತರ ಆಸೆ ಯಾವಾಗಲೋ ಬಿಟ್ಟಿದ್ದೆವು. ಹುಡುಗಿಯ ಗೈಡು ಹಣ ಕೊಡುವವರ ಜೊತೆ ಮಾತಾಡಿ, ಕಡೆಗೆ ಹನ್ನೆರಡು ಮಕ್ಕಳಾದರೂ ಇದ್ದರೆ ಅದನ್ನೇ ತೋರಿಸಿ ಮುಂದಿನ ವರ್ಷಕ್ಕೆ ಕೇಳಬಹುದು ಎಂದಿದ್ದರು. ಫೆಬ್ರವರಿ ಕೊನೆಗೆ ಹನ್ನೊಂದು ಜನ ಒಪ್ಪಿದ್ದರು. ಉಳಿದದ್ದು ಒಬ್ಬಳೇ, ಬಿನ್ನಿಪೇಟೆಯ ತಾಯಿ. ಹೊಲಿಗೆ ಹೆಚ್ಚು ಬಂದಿದೆ ಎಂದು ಎರಡು ಸಲ ಮುಂದೆ ಹಾಕಿದ್ದಳು. ಹುಡುಗಿ ಅವಳನ್ನು ಬಿಟ್ಟುಬಿಡೋಣ ಎಂದಿದ್ದಳು. ಕೊನೆಗೆ ಆ ತಾಯಿಯೇ ಹೇಳಿಕಳಿಸಿದಳು, ನನಗೂ ಓದಿ ಹೇಳಿ ಎಂದು.

ಬಂದವಳು ಮೆಟ್ಟಿಲ ಹತ್ತಿರ ನಿಂತಳು. ಮಗಳು ಒಳಗೆ ಆಡುತ್ತಿದ್ದಳು.

"ಆಂಟಿ, ನೀವೇ ಹೇಳಿ. ಹೂಂ ಅನ್ಲಾ, ಬೇಡ ಅನ್ಲಾ?"

ಒಂದೇ ವಾಕ್ಯ ಸಾಕಿತ್ತು. ಆ ಹುಡುಗಿ ಒಳ್ಳೆಯವಳು, ಪಾಪ, ಒಂದು ಮಗು ಕಡಿಮೆಯಾಗಿ ಅವಳ ಓದು ನಿಂತಿದೆ ಎಂದರೆ ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಅವಳು ಒಪ್ಪುತ್ತಿದ್ದಳು, ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಬಾಯಿ ತೆರೆದೆ. ಆಯಾ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ನಂಗೆ ಗೊತ್ತಿಲ್ಲಮ್ಮಾ," ಎಂದೆ. "ಒಳಗೆ ಹೋಗಿ ಪೂರ್ತಿ ಕೇಳು. ನಿಂಗೆ ಏನನ್ಸುತ್ತೋ ಅದನ್ನ ಹೇಳು."

ಅವಳಿಗೆ ನನ್ನ ಮೇಲೆ ಬೇಸರವಾಯಿತು. ಇಷ್ಟು ದಿನ ಕೇಳದೆಯೇ ಹೇಳುತ್ತಿದ್ದವಳು, ಕೇಳಿದಾಗ ಹೇಳಲಿಲ್ಲ. ಒಳಗೆ ಹೋದಳು. ಅರ್ಧ ಗಂಟೆಗೂ ಮೇಲಾಯಿತು. ಹೊರಗೆ ಬಂದಾಗ ತಲೆ ತಗ್ಗಿಸಿರಲಿಲ್ಲ.

"ಬೇಡ ಅಂದೆ ಆಂಟಿ," ಎಂದಳು. ಮಗಳ ಚೀಲ ತೆಗೆದುಕೊಂಡು, ಅವಳನ್ನು ಕಂಕುಳಿಗೆ ಏರಿಸಿಕೊಂಡು ಬಸ್ ಸ್ಟಾಪಿನ ಕಡೆ ಹೋದಳು.

ಹುಡುಗಿ ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. "ಪೂರ್ತಿ ನಾಲ್ಕು ಪುಟ ಕೇಳಿಸ್ಕೊಂಡ್ರು. ಅರ್ಥ ಆಗದೇ ಇರೋ ಕಡೆ ನಿಲ್ಸಿ ಕೇಳಿದ್ರು. ಇಷ್ಟು ಪ್ರಶ್ನೆ ಯಾರೂ ಕೇಳಿರ್ಲಿಲ್ಲ ಆಂಟಿ."

"ಏನಂತ ಬೇಡ ಅಂದ್ಳು?"

"ನನ್ ಮಗಳು ಮೊದಲನೇ ದಿನಾನೇ ಉತ್ತರ ಹೇಳಿದ್ಲಲ್ಲ, ಕೊಡಲ್ಲ ಅಂತ. ಅದೂ ಸರೀನೇ ಅಂತ ನೀವೇ ಅವಳಿಗೆ ಹೇಳಿದ್ರಂತೆ ಮಿಸ್. ಸರಿಯಾಗಿ ಹೇಳಿದ್ಮೇಲೆ ಮತ್ತೆ ಯಾಕೆ ಕೇಳ್ಬೇಕು ಅಂದ್ರು."

"ನೀನೇನಂದೆ?"

"ಸರಿ ಅಂದೆ."

ಒಳಗೆ ಹೋಗಿ ಆ ಸಣ್ಣ ಮೇಜಿನ ಮುಂದೆ, ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಮೇಲೆತ್ತಿಕೊಂಡು ಕೂತು, ಹಣ ಕೊಡುವವರಿಗೆ ಪತ್ರ ಬರೆಯತೊಡಗಿದಳು. ಆಗಿದ್ದನ್ನು ಆದ ಹಾಗೆಯೇ ಬರೆದಳು. ಮಕ್ಕಳ ಸಂಖ್ಯೆಯ ಜಾಗಕ್ಕೆ ಬಂದಾಗ ನಾನು ಅವಳ ಭುಜದ ಹಿಂದೆ ನಿಂತಿದ್ದೆ.

"ಸುಮಾರು ಹನ್ನೆರಡು ಅಂತ ಬರಿ," ಎಂದೆ.

ಅವಳು ಪೆನ್ನು ಎತ್ತಿ ನನ್ನನ್ನು ನೋಡಿದಳು.

"ಸರಿ, ಹನ್ನೊಂದು," ಎಂದೆ.

ಹನ್ನೊಂದು ಎಂದು ಬರೆದಳು. ಮುಂದಿನ ವರ್ಷದ ಹಣ ಬರಲಿಲ್ಲ. ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದು, ಮನೆಯವರನ್ನು ಹೇಗೋ ತಡೆದು, ಶನಿವಾರಗಳಲ್ಲಿ ಬಂದು ಆ ಹನ್ನೊಂದು ಮಕ್ಕಳ ಮೂರು ಸುತ್ತನ್ನೂ ಮುಗಿಸಿದಳು. ಒಬ್ಬೊಬ್ಬರೂ ಒಂದೋ ಎರಡೋ ಹಾಕಿದರು.